ಸಪ್ಪೆ ಅಲೆಗೆ ಅಗಲ ಹಲಗೆ

ನಮ್ಮ ಮನೆಗೂ ಸಮುದ್ರಕ್ಕೂ ನಡುವೆ ಒಂದು ಇಡೀ ಘಟ್ಟವಿದೆ. ಕುಶಾಲನಗರ ಬಿಟ್ಟು ಮಡಿಕೇರಿ ಹತ್ತಿ, ಸಂಪಾಜೆ ಇಳಿದು, ಸುಳ್ಯ, ಪುತ್ತೂರು ದಾಟಿ, ಹೊಟ್ಟೆಯೊಳಗಿದ್ದದ್ದೆಲ್ಲ ಒಮ್ಮೆ ಗಂಟಲಿನವರೆಗೆ ಬಂದು ವಾಪಸು ಹೋದ ಮೇಲೆ ಸಮುದ್ರ ಕಾಣುತ್ತದೆ. ಅಂಥ ಊರಿನ ಮನೆಯ ಜಗಲಿಯಲ್ಲಿ, ಕಾಫಿ ಮೂಟೆಗಳ ಪಕ್ಕ, ಗೋಡೆಗೆ ಒರಗಿಕೊಂಡು, ಅಲೆಯ ಮೇಲೆ ಜಾರುವ ಒಂದು ಸರ್ಫ್ ಬೋರ್ಡ್ ನಿಂತಿದ್ದರೆ ಬಂದವರು ಸುಮ್ಮನೆ ಹೋಗುತ್ತಾರೆಯೇ? ಕರೆಂಟ್ ಮೀಟರ್ ನೋಡಲು ಬರುವವರು ಅದನ್ನು ಇಸ್ತ್ರಿ ಮೇಜು ಅಂದುಕೊಂಡರು. ಮೆಣಸಿನ ವ್ಯಾಪಾರಿಯೊಬ್ಬರು ಬಾಗಿಲೆಂದು ತಿಳಿದು, ಇದರ ಜೋಡಿ ಎಲ್ಲಿ ಎಂದು ಹುಡುಕಿದರು. ನನ್ನ ನಾದಿನಿಯಂತೂ ಬೆರಳಲ್ಲಿ ತಟ್ಟಿ ನೋಡಿ, "ಅತ್ತಿಗೆ, ಇದರ ಮೇಲೆ ಹಪ್ಪಳ ಚೆನ್ನಾಗಿ ಒಣಗ್ತವೆ" ಅಂದಳು.

"ಒಣಗ್ತವೆ. ಆದ್ರೆ ನಾನು ಒಣಗ್ಸಲ್ಲ" ಅಂದೆ.

ಅದು ನನ್ನದು. ಐವತ್ತು ದಾಟಿ ಸುಮಾರು ಕಾಲವಾದ, ಮೆಟ್ಟಿಲು ಕಂಡರೆ ಬಲಮಂಡಿ ಮುನಿಸಿಕೊಳ್ಳುವ, ಬಸ್ಸು ಹತ್ತುವಾಗ ಕಂಡಕ್ಟರಿಂದ "ಬೇಗ ಬೇಗ ಅಮ್ಮ" ಎನ್ನಿಸಿಕೊಳ್ಳುವ ಈ ಪಾರ್ವತಿಯದು. ಮಧ್ಯಾಹ್ನ ಊಟವಾಗಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ಅದು ನನ್ನ ಕಣ್ಣಿನ ನೇರಕ್ಕೆ ಬರುತ್ತದೆ. ಬಿಸಿಲು ನಿಧಾನಕ್ಕೆ ಅದರ ಬುಡದಿಂದ ತುದಿಯವರೆಗೆ ಏರುತ್ತದೆ. ತಿಳಿಹಳದಿ ಮರದೊಳಗಿನ ಗೆರೆಗಳು ಹೊಳೆಯುತ್ತವೆ. ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿ ಬರುತ್ತದೆ, ಅಂಗಾಲಿನ ಅಡಿಯಲ್ಲಿ ಏನೋ ಜಾರಿದ ಹಾಗಾಗುತ್ತದೆ, ಚಾಪೆಯ ಮೇಲೆ ಮಲಗಿದವಳು ಎಲ್ಲಿಗೋ ಹೋಗಿಬಿಡುತ್ತೇನೆ. ಹೆಚ್ಚಾಗಿ ಹೋಗುವುದು ಗದ್ದೆಗೆ.

ನೀವು ಗದ್ದೆ ಕಂಡವರಾದರೆ ಹಲಗೆ ಹೊಡೆಯುವುದು ಗೊತ್ತಿರುತ್ತದೆ. ಕಾಣದವರಿಗಾಗಿ ಹೇಳುತ್ತೇನೆ. ಉತ್ತ ಗದ್ದೆಗೆ ನೀರು ಕಟ್ಟಿ, ನಾಟಿಗೆ ಮುಂಚೆ ಕೆಸರನ್ನು ಸಮ ಮಾಡಬೇಕು. ಅದಕ್ಕೊಂದು ಉದ್ದನೆಯ ಹಲಗೆ. ಅದರ ಎರಡು ಕಡೆಯಿಂದ ಹಗ್ಗ ಹೋಗಿ ನೊಗಕ್ಕೆ ಸೇರುತ್ತದೆ. ಎತ್ತು ಎಳೆದ ಹಾಗೆ ಹಲಗೆ ಕೆಸರಿನ ಮೇಲೆ ಜಾರುತ್ತಾ ಉಬ್ಬು ತಗ್ಗುಗಳನ್ನು ಸವರಿಕೊಂಡು ಹೋಗುತ್ತದೆ. ಬರೀ ಹಲಗೆ ಹಗುರವಾಗಿ ಕುಪ್ಪಳಿಸುತ್ತದೆಂದು ಅದರ ಮೇಲೆ ಮಕ್ಕಳನ್ನು ನಿಲ್ಲಿಸುತ್ತಿದ್ದರು. ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ತಮ್ಮ ಗಿರೀಶ. ನಮ್ಮ ಕೆಲಸ ಭಾರವಾಗಿರುವುದು, ಅಷ್ಟೇ. ನನ್ನ ತೂಕಕ್ಕೆ ಮರ್ಯಾದೆ ಸಿಕ್ಕಿದ್ದು ನನ್ನ ಜೀವಮಾನದಲ್ಲಿ ಆಗ ಮಾತ್ರ.

ಅಪ್ಪ ಪಕ್ಕದಲ್ಲಿ ಎತ್ತುಗಳ ಜೊತೆ ಮಾತಾಡಿಕೊಂಡು ನಡೆಯುತ್ತಿದ್ದರು. ಎತ್ತುಗಳ ಹೆಸರು ಕೆಂಪ, ಬೋಳ. ಬೋಳನಿಗೆ ಕೋಡಿತ್ತು, ಯಾಕೆ ಆ ಹೆಸರಿಟ್ಟರೋ ಯಾರಿಗೂ ನೆನಪಿರಲಿಲ್ಲ. ಗದ್ದೆಯ ನೀರಿನಲ್ಲಿ ಆಕಾಶ ಬಿದ್ದಿರುತ್ತಿತ್ತು. ಮೋಡಗಳ ಮೇಲೆ ನಾವು ಜಾರುತ್ತಿದ್ದೆವು. ಹಲಗೆಯ ಅಂಚಿನಿಂದ ಕೆಸರುನೀರು ಮಡಿಕೆ ಮಡಿಕೆಯಾಗಿ ಸರಿದು ಹೋಗುವಾಗ ಒಂದು ಮೆತ್ತನೆಯ ಸದ್ದು ಬರುತ್ತಿತ್ತು, ತಾಯಿ ಮಗುವನ್ನು ಮಲಗಿಸುವಾಗ ಶ್‌ಶ್ ಅನ್ನುತ್ತಾಳಲ್ಲ, ಹಾಗೆ. ಹಿಂದೆ ಕೊಕ್ಕರೆಗಳು ನಡೆದು ಬರುತ್ತಿದ್ದವು. ನಾವು ನಡೆಯುತ್ತಿರಲಿಲ್ಲ, ಓಡುತ್ತಿರಲಿಲ್ಲ, ಆದರೂ ಮುಂದಕ್ಕೆ ಹೋಗುತ್ತಿದ್ದೆವು. ಅದೇ ನನಗೆ ಆಶ್ಚರ್ಯ. ಇವತ್ತಿಗೂ ಆಶ್ಚರ್ಯವೇ.

ಹಲಗೆಯ ಮೇಲೆ ನಿಲ್ಲುವುದಕ್ಕೆ ಅಪ್ಪ ಹೇಳಿಕೊಟ್ಟ ಒಂದು ಕ್ರಮವಿತ್ತು. ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಬೆನ್ನು ಹಿಂದಕ್ಕೆ ವಾಲಿಸಿ ನಿಲ್ಲಬೇಕು. ಮುಂದಕ್ಕೆ ಬಾಗಿದಿರೋ, ಹಲಗೆಯ ಮುಂದಿನ ಅಂಚು ಕೆಸರಿಗೆ ಕಚ್ಚಿಕೊಂಡು ನೀವು ನೇರ ಬೋಳನ ಬಾಲಕ್ಕೆ ಮುತ್ತು ಕೊಡುತ್ತೀರಿ. ಗಿರೀಶ ಹಾಗೆ ಎಷ್ಟೋ ಸಲ ಬಿದ್ದ. ನಾನು ಬೀಳಲಿಲ್ಲ. "ಹುಡುಗಿ ಗಟ್ಟಿ" ಎಂದು ಅಪ್ಪ ಹೇಳಿದ್ದು ಕೇಳಿ ನಾನು ಇನ್ನೂ ಸ್ವಲ್ಪ ಹಿಂದಕ್ಕೆ ವಾಲುತ್ತಿದ್ದೆ.

ಒಂದು ವರ್ಷ ನಾಟಿಯ ಹೊತ್ತಿಗೆ ನಾನು ದೊಡ್ಡವಳಾದೆ. ಶಾಸ್ತ್ರ ಎಲ್ಲ ಮುಗಿದು, ಇನ್ನೇನು ಎಂದಿನ ಹಾಗೆ ಗದ್ದೆಗೆ ಓಡಿ ಹಲಗೆ ಹತ್ತಿದ್ದೆ. ಅಜ್ಜಿ ಬದುವಿನ ಮೇಲೆ, ಮಳೆಗೆ ತಲೆಯಿಂದ ಬೆನ್ನಿನವರೆಗೆ ಗೊರಬೆ ಹಾಕಿಕೊಂಡು ನಿಂತಿದ್ದಳು. "ಅವಳನ್ನ ಇಳ್ಸೋ. ಇನ್ನು ಅವಳು ಹಲಗೆ ಹತ್ತೋ ಹಂಗಿಲ್ಲ" ಅಂದಳು. ಅಪ್ಪ ಎತ್ತು ನಿಲ್ಲಿಸಿದರು. ಬೈಯಲಿಲ್ಲ. ನನ್ನ ಎರಡು ಕಂಕುಳಿಗೂ ಕೈ ಕೊಟ್ಟು, ಎತ್ತಿ, ಬದುವಿನ ಮೇಲೆ ಇಟ್ಟರು. ತುಂಬಾ ಮೆಲ್ಲಗೆ ಇಟ್ಟರು. ಹಲಗೆ ನನ್ನನ್ನು ಬಿಟ್ಟು ಮುಂದೆ ಹೋಯಿತು, ಗಿರೀಶ ಒಬ್ಬನೇ ಅದರ ಮೇಲೆ. ನನಗೆ ಅಳು ಬಂತು. ಯಾಕೆ ಅಂತ ಕೇಳುವುದೂ ನಾಚಿಕೆಯ ವಿಷಯ ಎಂದು ಯಾರೂ ಹೇಳದೆಯೇ ತಿಳಿದುಹೋಗಿತ್ತು, ಅದಕ್ಕೇ ಕೇಳಲಿಲ್ಲ.

ಅದೇ ವಾರ ನನ್ನನ್ನು ಹೆಂಗಸರ ಸಾಲಿಗೆ ಸೇರಿಸಿ ಕೈಗೆ ಸಸಿ ಕೊಟ್ಟರು. ನಾಟಿ ನೆಡುವವರು ಹೇಗೆ ನಡೆಯುತ್ತಾರೆ ಗೊತ್ತಲ್ಲ, ಸೊಂಟ ಬಗ್ಗಿಸಿ, ಹಿಂದಕ್ಕೆ ಹಿಂದಕ್ಕೆ. ಮೊನ್ನೆಯವರೆಗೆ ತಲೆಯೆತ್ತಿ ಮುಂದಕ್ಕೆ ಜಾರುತ್ತಿದ್ದವಳು ಅವತ್ತಿನಿಂದ ತಲೆ ತಗ್ಗಿಸಿ ಹಿಂದಕ್ಕೆ ನಡೆದೆ. ಮದುವೆಯಾಗಿ ಬಂದ ಮನೆಯಲ್ಲೂ ಗದ್ದೆಯಿತ್ತು, ಅಲ್ಲೂ ಹಿಂದಕ್ಕೇ ನಡೆದೆ. ಆಮೇಲೆ ಎತ್ತು ಹೋಗಿ ಟಿಲ್ಲರ್ ಬಂತು. ಗದ್ದೆಗೆ ಶುಂಠಿ ಬಂತು. ಹಲಗೆ ಎಲ್ಲಿ ಹೋಯಿತೋ, ಯಾರದೋ ಒಲೆಗೆ ಹೋಗಿರಬೇಕು. ಇನ್ನು ಹತ್ತುತ್ತೇನೆ ಎಂದು ಹಟ ಹಿಡಿದರೂ ಹತ್ತುವುದಕ್ಕೆ ಏನೂ ಉಳಿದಿರಲಿಲ್ಲ.

ಹೀಗೆ ಮರೆತೇ ಹೋಗಿತ್ತು ಅಂದುಕೊಂಡಿದ್ದೆ. ಕಳೆದ ವರ್ಷ ಮಂಗಳೂರಿನ ಕಡೆ ಒಂದು ಮದುವೆಗೆ ಹೋಗಿದ್ದೆವು. ಊಟ ಜೋರಾಗಿತ್ತು, ಸೆಖೆ ಅದಕ್ಕಿಂತ ಜೋರು. ಸಂಜೆ ಗಾಳಿ ಸಿಗುತ್ತದೆಂದು ಕಡಲಿಗೆ ನಡೆದೆವು. ಅಲ್ಲಿ ಒಂದು ಹುಡುಗಿ ನೀರಿನ ಮೇಲೆ ನಿಂತುಕೊಂಡು ಬರುತ್ತಿದ್ದಳು. ನಡೆಯದೆ, ಓಡದೆ ಬರುತ್ತಿದ್ದಳು. ರೇಷ್ಮೆ ಸೀರೆಯುಟ್ಟು ಬೀಡಾ ಜಗಿಯುತ್ತಾ ನಿಂತಿದ್ದ ನನ್ನ ಅಂಗಾಲು ಜುಂ ಅಂದಿತು. ನಾನು ಬೀಡಾ ನುಂಗಿಬಿಟ್ಟೆ.

ಅವಳ ಹೆಸರು ಅಕ್ಷತಾ. ಮೀನುಗಾರರ ಮನೆಯ ಹುಡುಗಿ. ಬೋರ್ಡ್ ಓಡಿಸುವುದನ್ನು ಕಲಿಸುತ್ತಾಳೆ, ಮನೆಯ ಹಿಂದಿನ ಶೆಡ್ಡಿನಲ್ಲಿ ತಾನೇ ಬೋರ್ಡ್ ಮಾಡುತ್ತಾಳೆ. ನಾನು ಸೀರೆ ಎತ್ತಿ ಹಿಡಿದು ಅವಳ ಹತ್ತಿರ ಹೋಗಿ, "ನಂಗೆ ಇದು ಬರುತ್ತೆ" ಅಂದೆ. ನಮ್ಮವರು ಹಿಂದಿನಿಂದ ಕೆಮ್ಮಿದರು.

"ಎಲ್ಲಿ ಕಲ್ತದ್ದು ಆಂಟಿ?" ಎಂದಳು ಅಕ್ಷತಾ.

"ಗದ್ದೇಲಿ."

ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ಬನ್ನಿ, ನೋಡುವ ಅಂದಳು. ಮರುದಿನ, ಮದುವೆಗೆ ಬಂದಿದ್ದ ನಾದಿನಿಯ ಚೂಡಿದಾರ ಹಾಕಿಕೊಂಡು ಹೋದೆ. ಕಲಿಯುವವರಿಗೆಂದು ಇಟ್ಟಿದ್ದ ಒಂದು ಬೋರ್ಡ್ ಕೊಟ್ಟಳು. ಸೊಂಟದವರೆಗಿನ ನೀರಿನಲ್ಲಿ ನಿಂತು ಅವಳೇ ಹಿಂದಿನಿಂದ ತಳ್ಳಿದಳು. ನಾನು ಎದ್ದೆ. ಎದ್ದೇಬಿಟ್ಟೆ, ಅಂದರೆ ನಂಬಿ. ಎದ್ದು ಬೆನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿಯ ಮೇಲೆ ಗಟ್ಟಿಯಾಗಿ ನಿಂತೆ, ಅಪ್ಪ ಹೇಳಿದ ಹಾಗೆ. ಬೋರ್ಡಿನ ಮೂತಿ ಆಕಾಶ ನೋಡಿತು, ಬಾಲ ಮುಳುಗಿತು, ಅಲೆ ನನ್ನ ಅಡಿಯಿಂದ ನುಸುಳಿಕೊಂಡು ದಡಕ್ಕೆ ಹೋಯಿತು. ನಾನು ನಿಂತಲ್ಲೇ ಕುಸಿದೆ. ಇನ್ನೊಂದು ಅಲೆ, ಮತ್ತೆ ಅದೇ. ಅವತ್ತು ಬೆಳಗ್ಗೆಯಿಡೀ ಅಲೆಗಳೆಲ್ಲ ನನ್ನನ್ನು ಬಿಟ್ಟು ದಡಕ್ಕೆ ಹೋದವು.

"ಹೊಸಬರು ಎಲ್ಲ ಮುಂದೆ ಬೀಳ್ತಾರೆ. ನಿಮ್ದು ಎಂತದು ಉಲ್ಟಾ?" ಎಂದು ಅಕ್ಷತಾ ತಲೆ ಕೆರೆದುಕೊಂಡಳು. ನಾನು ಮರಳಿನ ಮೇಲೆ ಕೂತು ಎತ್ತು, ಹಗ್ಗ, ಹಲಗೆ ಎಲ್ಲ ಗೀಚಿ ತೋರಿಸಿದೆ. ಅವಳು ಆ ಗೀಟುಗಳನ್ನು ತುಂಬಾ ಹೊತ್ತು ನೋಡಿದಳು.

"ಆಂಟಿ, ಅಲ್ಲಿ ಎತ್ತು ಮುಂದೆ ಉಂಟಲ್ಲ, ಎಳೀತದೆ. ಇಲ್ಲಿ ಎತ್ತು ಹಿಂದೆ ಉಂಟು, ದೂಡ್ತದೆ. ನೀವು ಹಿಂದೆ ವಾಲಿದ್ರೆ ಎತ್ತಿನ ಮೇಲೆ ಕೂತ ಹಾಗೆ ಆಯ್ತು. ಅದು ಹೇಗೆ ಹೋಗುದು?"

ಘಟ್ಟ ಹತ್ತುವಾಗ ದಾರಿಯುದ್ದಕ್ಕೂ ನನಗೆ ಇದೇ ಯೋಚನೆ. ನಮ್ಮವರಿಗೆ ಬೇರೆ ಯೋಚನೆ. "ಒಂದ್ಸಲ ನೋಡಿದ್ಯಲ್ಲ, ಆಯ್ತು ಬಿಡು ಪಾರೂ. ಆ ಮಂಡಿ ಮುರ್ಕೊಂಡ್ರೆ ಎತ್ಕೊಂಡು ಓಡಾಡೋನು ನಾನು" ಅಂದರು. ಅವರು ಹೇಳಿದ್ದು ತಪ್ಪಲ್ಲ. ಮಂಡಿಗೆ ಆಪರೇಷನ್ ಆಗಬೇಕಾಗಬಹುದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಅದಾದ ಮೇಲೆ ಇಂಥದ್ದೆಲ್ಲ ಮುಗಿಯಿತು. ನನಗೆ ಹಾಗಾಗಿಯೇ ಅವಸರ. ಒಂದು ಸಲ, ಒಂದೇ ಸಲ, ಮತ್ತೆ ಹಾಗೆ ಮುಂದಕ್ಕೆ ಜಾರಬೇಕು. ಇಷ್ಟು ಚಿಕ್ಕ ಆಸೆಯನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ನೋಡಿ. ಮಡಿಕೇರಿ ಬರುವಷ್ಟರಲ್ಲಿ ಹೇಳಿದೆ. ಇನ್ನೊಂದಿಷ್ಟು ದೂರ ಹೋದ ಮೇಲೆ, ಸುಂಟಿಕೊಪ್ಪದ ಹತ್ತಿರ ಅವರು, "ಎಷ್ಟು ಉದ್ದ ಬೇಕಾಗುತ್ತಂತೆ?" ಎಂದು ಕೇಳಿದರು.

ನಮ್ಮವರ ಲೆಕ್ಕದಲ್ಲಿ ಯಾವುದೇ ವಸ್ತು ಉದ್ದವಾಗಿದ್ದರೆ ಒಳ್ಳೆಯದು. ಏಣಿ, ಕೊಕ್ಕೆ, ಕಾರು, ಎಲ್ಲ. ಅಕ್ಷತಾ ಫೋನಿನಲ್ಲಿ ಅದನ್ನು ಒಪ್ಪಲಿಲ್ಲ. ಅವಳು ಹೇಳಿದ್ದು ಕೇಳಿ ನನಗೆ ಸಂತೋಷವಾಯಿತು, ಯಾಕೆಂದರೆ ಮೊದಲ ಬಾರಿಗೆ ನನ್ನ ಆಕಾರಕ್ಕೆ ಒಂದು ಶಾಸ್ತ್ರ ಸಿಕ್ಕಿತ್ತು. ದೊಡ್ಡ ಅಲೆಗೆ ತಾನಾಗಿಯೇ ಜೋರಿರುತ್ತದೆ. ಅದರ ಮೇಲೆ ಹೋಗುವ ಬೋರ್ಡ್ ಸಪೂರ ಇರಬೇಕು, ಮೂತಿ ಚೂಪು, ತಳ ದೋಣಿಯ ಹಾಗೆ ಬಾಗಿರಬೇಕು. ಮಳೆಗಾಲ ಕಳೆದ ಮೇಲೆ ನಮ್ಮ ಕಡಲಿನಲ್ಲಿ ಏಳುವುದು ಸಪ್ಪೆ ಅಲೆ. ಅದಕ್ಕೆ ದೂಡುವ ಮನಸ್ಸೇ ಇರುವುದಿಲ್ಲ. ಅಂಥ ಅಲೆಗೆ ಅಗಲ ಬೇಕು, ದಪ್ಪ ಬೇಕು, ಅಂಚು ತುಂಬಿಕೊಂಡಿರಬೇಕು, ಮೂತಿ ಉರುಟಾಗಿ, ತಳ ಆದಷ್ಟು ಚಪ್ಪಟೆಯಾಗಿ ಇರಬೇಕು. ಆಗ ಅಲೆ ಕೊಡುವ ಅಷ್ಟಿಷ್ಟನ್ನೂ ಹಲಗೆ ಚೆಲ್ಲದೆ ತೆಗೆದುಕೊಳ್ಳುತ್ತದೆ. ಚೆಂದಕ್ಕೆಂದು ಚೂಪಾದ್ದನ್ನು ಕೊಂಡ ಹುಡುಗರು ಡಿಸೆಂಬರಿನಲ್ಲಿ ನೀರಿನಲ್ಲಿ ಸುಮ್ಮನೆ ಕೂತಿರುತ್ತಾರಂತೆ.

"ನಿಮಗಿಂತ ಎರಡು ಮೊಳ ಉದ್ದ ಸಾಕು. ನಾಲ್ಕು ಬೆರಳು ದಪ್ಪ. ಮತ್ತೆ, ಬಾಲ ನಾನು ಅಗಲ ಮಾಡ್ತೇನೆ" ಅಂದಳು.

"ಅದ್ಯಾಕಮ್ಮ?"

"ನೀವು ಹೇಗೂ ಹಿಂದೆ ವಾಲ್ತೀರಿ. ಇಷ್ಟು ವರ್ಷದ ಅಭ್ಯಾಸ ಒಂದು ದಿನದಲ್ಲಿ ಹೋಗುದಿಲ್ಲ. ಸ್ವಲ್ಪ ಬೋರ್ಡ್ ಸುಧಾರಿಸ್ಲಿ, ಸ್ವಲ್ಪ ನೀವು ಸುಧಾರಿಸಿ. ಎಷ್ಟು ಲೀಟರ್ ಬೇಕು ನೋಡ್ಲಿಕ್ಕೆ ನಿಮ್ಮ ತೂಕ ಹೇಳಿ, ಸರಿಯಾದ್ದು."

"ಲೀಟರಾ? ಪೆಟ್ರೋಲ್ ಹಾಕ್ಬೇಕಾ ಅದಕ್ಕೆ?" ಎಂದು ನಮ್ಮವರು ಗಾಬರಿಯಾದರು. ಹೊರುವ ಶಕ್ತಿಯನ್ನು ಹಾಗೆ ಅಳೆಯುತ್ತಾರೆಂದು ಅವಳು ತಿಳಿಸಿ ಹೇಳಿದಳು.

ಆಗ ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ನಡೆಯುತ್ತಿತ್ತು. ಮನೆಯಲ್ಲಿ ತೂಕದ ಯಂತ್ರ ಅಂತ ಇರುವುದು ಒಂದೇ, ಕಣದಲ್ಲಿ ಕಾಫಿ ಮೂಟೆ ತೂಗುವಂಥದ್ದು. ಸಂಜೆ ಹಣ್ಣು ತೂಗಿ ಮುಗಿದ ಮೇಲೆ ನಾನೂ ಹತ್ತಿ ನಿಂತೆ. ಕೆಲಸದವರೆಲ್ಲ ಹೋಗದೆ ನಿಂತರು. ನಮ್ಮವರು ಕನ್ನಡಕ ಸರಿಮಾಡಿಕೊಂಡು ಮೂಟೆಯ ತೂಕ ಕೂಗುವ ಅಭ್ಯಾಸದಲ್ಲಿ ನನ್ನದನ್ನೂ ಜೋರಾಗಿ ಕೂಗಿಬಿಟ್ಟರು. ಆ ಅಂಕಿ ನಿಮಗೆ ಬೇಡ.

"ಅಣ್ಣ, ಚೀಲದ ತೂಕ ಕಳೀರಿ. ಸೀರೆ, ಸ್ವೆಟರ್ ಎಲ್ಲ ಇದೆಯಲ್ಲ" ಎಂದು ಗೌರಿ ಹೇಳಿದಳು. ಅವಳು ನಮ್ಮಲ್ಲಿ ತುಂಬಾ ವರ್ಷದಿಂದ ಹಣ್ಣು ಕೊಯ್ಯುವವಳು. ಕಣಕ್ಕೆ ಕಣವೇ ನಕ್ಕಿತು. ನಾನು ನಗುತ್ತಲೇ ಇಳಿದೆ. ಗೌರಿ ನನ್ನ ಪಕ್ಕ ಬಂದು, "ಅಕ್ಕ, ಅದರ ಮೇಲೆ ನಿಂತ್ರೆ ಹೆಂಗಿರುತ್ತೆ?" ಎಂದು ಮೆಲ್ಲಗೆ ಕೇಳಿದಳು. ಬಂದು ಹೇಳುತ್ತೇನೆ ಅಂದೆ.

ಮರದ ವಿಷಯ ಬಂದಾಗ ನಮ್ಮವರ ಉದಾರ ಬುದ್ಧಿ ಎದ್ದು ಕುಳಿತಿತು. ಅಕ್ಷತಾಳಿಗೆ ಮರದಲ್ಲಿ ಒಂದು ಬೋರ್ಡ್ ಮಾಡಬೇಕೆಂಬ ಆಸೆ ಮೊದಲಿಂದ ಇತ್ತಂತೆ, ನಮ್ಮ ತೋಟದಿಂದಲೇ ಕೊಡುವುದೆಂದಾಯಿತು. "ಕೊಡೋದಾದ್ರೆ ಮರ್ಯಾದೆಯಾಗಿ ಕೊಡೋಣ. ಅಟ್ಟದ ಮೇಲೆ ನಮ್ಮಜ್ಜ ಇಟ್ಟ ಹಲಸಿನ ಹಲಗೆ ಇದೆ. ನೂರು ವರ್ಷ ಆದ್ರೂ ಏನೂ ಆಗಲ್ಲ" ಅಂದರು ಫೋನಿಗೆ ಬಾಯಿ ಹಚ್ಚಿ.

"ಹೌದು ಅಂಕಲ್, ನೂರು ವರ್ಷ ಸಮುದ್ರದ ಅಡಿಯಲ್ಲಿ ಇರ್ತದೆ" ಅಂದಳು ಅವಳು.

ಹಗುರವಾದದ್ದು ಬೇಕು ಎಂದಾಗ ನನಗೆ ಹೊಳೆದದ್ದು ಹಾಲವಾಣ. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲುವ ಮುಳ್ಳುಮರ. ಕೆಂಪು ಹೂ ಬಿಡುತ್ತದೆ. ಕಡಿದರೆ ಮಾತ್ರ ಕೇಳುವವರಿಲ್ಲ. ಬಾಗಿಲಿಗೆ ಆಗದು, ತೊಲೆಗೆ ಆಗದು, ಒಲೆಗೆ ಇಟ್ಟರೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಒಣಗಿದ ದಿಮ್ಮಿಯನ್ನು ಹೆಂಗಸು ಒಬ್ಬಳೇ ಎತ್ತಬಹುದು. ತೋಟಕ್ಕೆ ನೆರಳು ಹೆಚ್ಚಾಯಿತೆಂದು ಉರುಳಿಸಿದ್ದ ಒಂದು ದಿಮ್ಮಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಿತ್ತು. ಅದನ್ನೇ ಹಲಗೆ ಮಾಡಿಸಿ ಜೀಪಿನ ಮೇಲೆ ಕಟ್ಟಿ ಹೊರಟೆವು. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾರ್ಡು ತಡೆದು, ಏನು ಮರ ಎಂದು ಕೇಳಿದರು. ಹಾಲವಾಣ ಅಂದೆವು. ಅವರು ಮುಟ್ಟಿ ನೋಡಿ, "ಹಾಲವಾಣ ಸಾಗಿಸೋರನ್ನ ಇವತ್ತೇ ನೋಡಿದ್ದು, ಹೋಗಿ" ಎಂದು ನಕ್ಕರು. ನಮ್ಮವರಿಗೆ ಆ ನಗು ಸ್ವಲ್ಪ ನಾಟಿತು. ಬೀಟೆ ಮರದ ಕಳ್ಳನೆಂದು ಅನುಮಾನಪಟ್ಟಿದ್ದರೂ ಅವರಿಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಅಕ್ಷತಾ ಅದನ್ನು ತೆಳ್ಳಗೆ ಸೀಳಿ, ಒಳಗೆ ಮೀನಿನ ಮುಳ್ಳಿನಂತೆ ಅಡ್ಡಪಟ್ಟಿ ಕೊಟ್ಟು, ಟೊಳ್ಳಾಗಿ ಕೂಡಿಸಿ, ನೀರು ಹೀರದ ಹಾಗೆ ಮೇಲೆ ಗಾಜಿನ ನೂಲಿನ ಬಟ್ಟೆ ಅಂಟಿಸಿ ರಾಳ ಬಳಿದು ಮುಗಿಸುವಷ್ಟರಲ್ಲಿ ಪಿಕ್ಕಿಂಗ್ ಮುಗಿದಿತ್ತು, ಕಾಫಿ ಒಣಗಿತ್ತು. ಫೋನು ಬಂದ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ಅದನ್ನೇ ಉಂಡರು, ಆಮೇಲೆ ಜೀಪಿಗೆ ಗಾಳಿ ಹೊಡೆಸಲು ಹೋದರು.

ನಾವು ಕಡಲು ಮುಟ್ಟಿದ್ದು ಬಿಸಿಲು ಏರುವ ಮುಂಚೆ. ಮಂಜು ಇನ್ನೂ ನೀರಿನ ಮೇಲೆ ಹಾಸಿಕೊಂಡಿತ್ತು. ಸಮುದ್ರ ಎಂಬುದು ಅವತ್ತು ಮಲಗಿದಲ್ಲಿಂದ ಮಗ್ಗುಲು ಬದಲಾಯಿಸಲೂ ಬೇಸರಪಡುತ್ತಿತ್ತು. "ಇದೇನು, ನಮ್ಮ ಹಾರಂಗಿ ಹಿನ್ನೀರಲ್ಲೂ ಇದಕ್ಕಿಂತ ಜಾಸ್ತಿ ಅಲೆ ಇರುತ್ತೆ" ಎಂದು ನಮ್ಮವರು ಸಮಾಧಾನದ ಉಸಿರು ಬಿಟ್ಟರು. ಟವೆಲ್ ಹಿಡಿದು ಮರಳಿನ ಮೇಲೆ ನಿಂತರು. ಹೊಸ ಹಲಗೆ ನೀರಿನ ಮೇಲೆ ಇಟ್ಟಾಗ ಅದು ಎಲೆಯ ಹಾಗೆ ಕೂತಿತು. ನಾನು ಮೇಲೆ ಮಲಗಿದೆ. ಮುಳುಗಲಿಲ್ಲ. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು, ಉಪ್ಪುನೀರು ಎಂದು ಒರೆಸಿಕೊಂಡೆ.

ಮೊದಲು ಬಿದ್ದೆ. ಆಮೇಲೂ ಬಿದ್ದೆ. ಏಳುವಾಗ ಮಂಡಿ ಕೂಗಿತು, ಅದಕ್ಕೆ ಬೈದೆ. ಒಮ್ಮೆ ಎದ್ದು ನಿಂತೆ, ಎಂದಿನ ಹಾಗೆ ಹಿಂದಕ್ಕೆ ವಾಲಿದೆ, ಆದರೆ ಅಗಲ ಬಾಲ ಮುಳುಗದೆ ತಡೆದು ಹಿಡಿಯಿತು. ಹಲಗೆ ನಿಂತೂ ನಿಲ್ಲದ ಹಾಗೆ, ಹೋಗಲೋ ಬೇಡವೋ ಎಂದು ಕೇಳುವ ಹಾಗೆ ತೇಲಿತು. ಮುಂದಿನ ಸಲ ಅಕ್ಷತಾ ಹಿಂದೆ ದೂರದಲ್ಲಿ ನಿಂತಿದ್ದಳು, ತಳ್ಳಲಿಲ್ಲ. ಬೆನ್ನ ಹಿಂದೆ ನೀರು ಮೆಲ್ಲಗೆ ಉಬ್ಬಿದ್ದು ಹೊಟ್ಟೆಗೆ ತಿಳಿಯಿತು. ಎದ್ದೆ.

"ಮುಂದೆ ಆಂಟಿ, ಮುಂದೆ" ಅಂದಳು.

ಮುಂದೆ ಏನೂ ಇರಲಿಲ್ಲ. ಎತ್ತಿನ ಬಾಲ ಇಲ್ಲ, ಹಗ್ಗ ಇಲ್ಲ, ಅಪ್ಪನೂ ಇಲ್ಲ. ಯಾರೂ ಎಳೆಯದೆ ಇದ್ದರೆ ಮುಂದಕ್ಕೆ ಬಾಗುವುದು ಎಷ್ಟು ಹೆದರಿಕೆಯ ಕೆಲಸ ಎಂದು ಅಲ್ಲಿ ನಿಂತವರಿಗೇ ಗೊತ್ತು. ಹಿಮ್ಮಡಿ ಎತ್ತಿದೆ. ಅರ್ಧ ಹೆಜ್ಜೆ ಮುಂದಿಟ್ಟೆ. ಎದೆಯನ್ನು ಆ ಖಾಲಿಗೆ ಕೊಟ್ಟೆ.

ಹಲಗೆ ಜಾರಿತು. ಅಷ್ಟು ಚಿಕ್ಕ ಅಲೆ, ನಮ್ಮ ಮನೆಯ ಹೊಸಿಲಿನಷ್ಟು ಎತ್ತರವೂ ಇರಲಿಕ್ಕಿಲ್ಲ, ಅದು ನನ್ನನ್ನು, ನನ್ನ ಅಷ್ಟೂ ತೂಕವನ್ನು ಎತ್ತಿಕೊಂಡು ಹೊರಟಿತು. ಅಂಚಿನಿಂದ ನೀರು ಮಡಿಕೆಯಾಗಿ ಸರಿಯಿತು. ಮಂಜಿನೊಳಗೆ ದಡವೂ ಕಾಣಲಿಲ್ಲ, ಆಕಾಶವೂ ಬೇರೆ ಇರಲಿಲ್ಲ. ನಡೆಯುತ್ತಿರಲಿಲ್ಲ, ಓಡುತ್ತಿರಲಿಲ್ಲ. ತಲೆಯೆತ್ತಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಸಂತೋಷ ಅನ್ನುವುದಕ್ಕಿಂತ ಬೇರೆ ಮಾತು ನನ್ನ ಹತ್ತಿರ ಇಲ್ಲ. ತುಂಬಾ ಸಂತೋಷವಾಯಿತು.

ಹಲಗೆ ದಡದ ಮರಳಿಗೆ ತಾಗಿ ನಿಂತಿತು. ಪಾದ ಮುಳುಗುವಷ್ಟೂ ನೀರಿರಲಿಲ್ಲ. ನಾನು ಅದರ ಮೇಲೆಯೇ ನಿಂತಿದ್ದೆ. ನಮ್ಮವರು ಪ್ಯಾಂಟು ಮಡಿಸಿಕೊಂಡು ನೀರಿಗಿಳಿದು ಬಂದರು. ಟವೆಲ್ ಹೆಗಲಿಗೆ ಹಾಕಿಕೊಂಡು, ನನ್ನ ಕಂಕುಳಿನ ಕಡೆಗೆ ಎರಡೂ ಕೈ ಚಾಚಿದರು.

"ಬಾ ಪಾರೂ, ಇಳಿಸ್ತೀನಿ. ಆಯ್ತಲ್ಲ" ಅಂದರು, ತುಂಬಾ ಮೆಲ್ಲಗೆ.

"ಕೈ ತೆಗೀರಿ. ನಾನೇ ಇಳೀತೀನಿ."

"ಯಾವಾಗ?"

"ನಂಗೆ ಇಳೀಬೇಕು ಅನ್ಸಿದಾಗ."

ಅವರು ನನ್ನ ಮುಖ ನೋಡಿದರು. ಕೈ ಇಳಿಸಿ ಪಕ್ಕದಲ್ಲೇ ನಿಂತುಕೊಂಡರು. ಮಂಜು ಕರಗಿತು, ಬಲೆ ಎಳೆಯುವವರು ಬಂದರು, ಬಿಸಿಲು ಮುಖಕ್ಕೆ ಬಿತ್ತು. ನಾನು ಇಳಿಯಲಿಲ್ಲ.